ರಾತ್ರಿಯ ಊಟ: ಹೊಲದಿಂದ ಒಲೆಯವರೆಗೆ

(ರೈತರು ಮತ್ತು ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ಹಿರಿಯರ ಮಾತು. ಬೇಸಾಯದ ಮನೆಗಳಲ್ಲಿ ಹಗಲಿನ ಊಟ ಅವಸರದಲ್ಲಿ, ಎಷ್ಟೋ ವೇಳೆ ಹೊಲದ ಬದುವಿನ ಮೇಲೆಯೇ ಮುಗಿಯುತ್ತದೆ. ಮನೆಮಂದಿಯೆಲ್ಲ ನೆಮ್ಮದಿಯಾಗಿ ಉಣ್ಣುವುದು ರಾತ್ರಿಯ ವೇಳೆಯಲ್ಲಿ. ದಿನದ ಕೊರತೆಯನ್ನು ತುಂಬಿಕೊಳ್ಳಲು ಇದೇ ತಕ್ಕ ಸಮಯವಾಗಿರುತ್ತದೆ. ಆದರೆ ಅನೇಕ ಮನೆಗಳಲ್ಲಿ ಬೆಳೆದ ರಾಗಿ, ಕಾಳು, ತರಕಾರಿಗಳು ಸಂತೆಗೆ ಹೋಗುತ್ತವೆ. ತಟ್ಟೆಗೆ ಬರುವುದು ಬರಿಯ ಅನ್ನ ಮತ್ತು ತಿಳಿಸಾರು. ಅದರಲ್ಲಿಯೂ ಮನೆಯ ಹೆಣ್ಣುಮಗಳು ಕೊನೆಯಲ್ಲಿ, ಉಳಿದುದನ್ನು ಉಣ್ಣುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅನ್ನ ಬೆಳೆಯುವ ಮನೆಗಳೂ ಈ ಲೆಕ್ಕದಲ್ಲಿ ಸೇರಿವೆ ಎಂಬುದನ್ನು ಮರೆಯಬಾರದು.

ಧಾನ್ಯ ಮತ್ತು ಕಾಳಿನ ಜೋಡಿ

ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕಡಿಮೆ ಇರುವ ಮಿಥಿಯೊನಿನ್ ಧಾನ್ಯಗಳಿಂದ ದೊರೆಯುತ್ತದೆ. ಮುದ್ದೆಯ ಜೊತೆಗೆ ಕಾಳಿನ ಸಾರು, ರೊಟ್ಟಿಯ ಜೊತೆಗೆ ಕಾಳು ಪಲ್ಯ ಮಾಡುವ ಪದ್ಧತಿ ಆದುದರಿಂದಲೇ ಶ್ರೇಷ್ಠವಾದುದು. ಐದು ಮಂದಿಯ ಕುಟುಂಬಕ್ಕೆ ರಾತ್ರಿಗೆ 200 ಗ್ರಾಂ ಹುರುಳಿ ಬಳಸಿದರೆ, ಅದರಿಂದಲೇ ತಲಾ 8-9 ಗ್ರಾಂ ಸಸಾರಜನಕ ಸಿಗುತ್ತದೆ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಪಾಲಿಷ್ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಶಿಫಾರಸು ಮಾಡಿದೆ. ರಾಗಿಯನ್ನೆಲ್ಲ ಮಾರಿ ಅಕ್ಕಿ ಕೊಳ್ಳುವ ಮನೆ ಇಲ್ಲಿ ಏನನ್ನು ಕಳೆದುಕೊಳ್ಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಹೊಲದಲ್ಲಿಯೇ ಸಿದ್ಧತೆ

ಒಳ್ಳೆಯ ಊಟ ಬಿತ್ತನೆಯಲ್ಲಿಯೇ ಆರಂಭವಾಗುತ್ತದೆ. ಹಿಂದೆ ರಾಗಿ ಹೊಲದಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳಿನ ಅಕ್ಕಡಿ ಸಾಲುಗಳಿರುತ್ತಿದ್ದವು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದರೆ, ರಾಗಿ ಕೊಯ್ಲಾದ ನಂತರವೂ ತೊಗರಿ ಹೊಲದಲ್ಲಿ ನಿಂತು ಫಲ ಕೊಡುತ್ತದೆ. ಬೇರಿನ ಗಂಟುಗಳಿಂದ ಭೂಮಿಗೂ ಸಾರಜನಕ ಸೇರುತ್ತದೆ. ಬಚ್ಚಲ ನೀರು ಹರಿಯುವ ಹಿತ್ತಲಿನಲ್ಲಿ ಒಂದು ನುಗ್ಗೆ, ಒಂದು ನಿಂಬೆ, ಒಂದು ಪರಂಗಿ ಗಿಡ ಹಾಗೂ ಎರಡು ಮಡಿ ಸೊಪ್ಪು ಇರಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುವವರು ನುಗ್ಗೆ ಸೊಪ್ಪನ್ನು ನೋಡಬೇಕು: 'ಎ' ಜೀವಸತ್ವಕ್ಕೆ ಮೂಲವಾದ ಕೆರೋಟಿನ್ ಮತ್ತು ಸುಣ್ಣ ಅದರಲ್ಲಿ ಸಮೃದ್ಧವಾಗಿವೆ. ವರ್ಷಕ್ಕೆ ಬೇಕಾಗುವ ರಾಗಿ, ಕಾಳುಗಳನ್ನು ಮೊದಲು ಎತ್ತಿಟ್ಟು, ಉಳಿದುದನ್ನು ಮಾರುವುದು ಸೂಕ್ತ.

ರಾತ್ರಿ ಊಟಕ್ಕೆ ಕೆಲವು ಮಾದರಿಗಳು

1. ರಾಗಿ ಮುದ್ದೆ, ಮೊಳಕೆ ಹುರುಳಿ ಸಾರು, ಸೌತೆ-ಈರುಳ್ಳಿ ಹೋಳು, ನಿಂಬೆ.
2. ಮುದ್ದೆ ಅಥವಾ ಅನ್ನ, ಅಲಸಂದೆ ಕಾಳು ಮತ್ತು ದಂಟಿನ ಸೊಪ್ಪಿನ ಬಸ್ಸಾರು, ಪಲ್ಯ.
3. ಮುದ್ದೆ, ತೊಗರಿಬೇಳೆ ಹಾಕಿದ ನುಗ್ಗೆ ಸೊಪ್ಪಿನ ಮಸ್ಸೊಪ್ಪು, ಮಜ್ಜಿಗೆ.
4. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಮೊಸರು.
5. ಅವರೆ ಕಾಲದಲ್ಲಿ ಹಸಿ ಅವರೆಕಾಳಿನ ಸಾರು. ಮಾಂಸಾಹಾರಿಗಳು ವಾರಕ್ಕೆರಡು ಬಾರಿ ಮೊಟ್ಟೆ ಅಥವಾ ಮೀನು ಸೇರಿಸಬಹುದು.

ಬಸ್ಸಾರಿನ ವಿಶೇಷವನ್ನು ಗಮನಿಸಿ. ಸೊಪ್ಪು, ಕಾಳು ಬೆಂದ ನೀರಿನಲ್ಲಿ ಕರಗಿದ ಜೀವಸತ್ವ, ಲವಣಗಳು ಚರಂಡಿಗೆ ಹೋಗದೆ ಸಾರಿಗೇ ಸೇರುತ್ತವೆ.

ಗಮನಿಸಬೇಕಾದ ಅಂಶಗಳು

* ಸೊಪ್ಪು, ತರಕಾರಿಗಳನ್ನು ತೊಳೆದ ನಂತರ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆಯಬಾರದು.
* ಅಕ್ಕಿಯನ್ನು ಪದೇ ಪದೇ ತೊಳೆಯುವುದರಿಂದ, ಗಂಜಿ ಬಸಿದು ಚೆಲ್ಲುವುದರಿಂದ 'ಬಿ' ಜೀವಸತ್ವಗಳು ನಷ್ಟವಾಗುತ್ತವೆ.
* ಕಾಳು ಬೇಗ ಬೇಯಲೆಂದು ಸೋಡ ಹಾಕಬೇಡಿ. ರಾತ್ರಿ ನೆನೆಸಿಟ್ಟರೆ ಸಾಕು.
* ರಾಗಿ, ಕಾಳುಗಳಲ್ಲಿರುವ ಕೆಲವು ಅಂಶಗಳು ಕಬ್ಬಿಣ ದೇಹಗತವಾಗುವುದನ್ನು ತಡೆಯುತ್ತವೆ. ಮೊಳಕೆ ಕಟ್ಟುವುದರಿಂದ ಈ ತಡೆ ಕಡಿಮೆಯಾಗುತ್ತದೆ. ಊಟದ ಜೊತೆ ನಿಂಬೆ, ನೆಲ್ಲಿ, ಸೀಬೆ ಇದ್ದರೆ ಕಬ್ಬಿಣ ಚೆನ್ನಾಗಿ ಒದಗುತ್ತದೆ. ಊಟವಾದ ಕೂಡಲೇ ಕಾಫಿ, ಚಹಾ ಬೇಡ.
* ಅಯೋಡಿನ್‌ಯುಕ್ತ ಉಪ್ಪು ಬಳಸಿ. ದಿನಕ್ಕೆ ತಲಾ 5 ಗ್ರಾಂ ಮೀರದಂತೆ ಉಪ್ಪಿನಕಾಯಿ, ಹಪ್ಪಳಗಳಿಗೆ ಮಿತಿ ಇರಲಿ.

ಇಷ್ಟೆಲ್ಲ ಮಾಡಿದರೂ ಗಂಡಸರು, ಮಕ್ಕಳು ಉಂಡ ಮೇಲೆ ಪಾತ್ರೆಯ ತಳದಲ್ಲಿ ಬರಿಯ ಸಾರು ಉಳಿದರೆ ಅಡುಗೆ ಮಾಡಿದವಳಿಗೆ ಪ್ರಯೋಜನವಾಗದು. ಬಡಿಸುವ ಮೊದಲೇ ಅವಳ ಪಾಲಿನ ಕಾಳು, ಸೊಪ್ಪು ತೆಗೆದಿಡಬೇಕು. ಎಲ್ಲರೂ ಒಟ್ಟಿಗೆ ಉಣ್ಣುವುದು ಇನ್ನೂ ಉತ್ತಮ. ಇದಕ್ಕೆ ಹಣದ ಖರ್ಚಿಲ್ಲ. ಬಸುರಿ, ಬಾಣಂತಿ ಇರುವ ಮನೆಗಳಲ್ಲಿ ಇದನ್ನು ತಪ್ಪದೆ ಪಾಲಿಸಬೇಕು. ಗ್ರಾಮಮಟ್ಟದ ಕಾರ್ಯಕರ್ತರು ಈ ವಿಷಯವನ್ನು ಮಹಿಳೆಯರಿಗಷ್ಟೇ ತಿಳಿಸಿದರೆ ಸಾಲದು, ಮನೆಯ ಯಜಮಾನರಿಗೂ ಮನದಟ್ಟು ಮಾಡಿಕೊಡಬೇಕು.