ರೀಡ್ ಎಂದರೆ ಓದುವುದೇ?

ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ನಡೆದ ಸಂಗತಿ. ಒಂದು ದಿನ ಇನ್‌ಸ್ಪೆಕ್ಟರು ತನಿಖೆಗೆ ಬಂದಿದ್ದರು. ನಮ್ಮ ಮೇಷ್ಟರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಇಂಗ್ಲಿಷ್ ಪಾಠ ಓದೆಂದರು. ಎಲ್ಲಿಯೂ ತಡವರಿಸದೆ, ಒಂದೇ ಉಸಿರಿನಲ್ಲಿ ಪುಟವನ್ನು ಮುಗಿಸಿದೆ. “ಇದರ ಅರ್ಥ ಏನಪ್ಪಾ?” ಎಂದರು ಇನ್‌ಸ್ಪೆಕ್ಟರು. ನಾನು ಮೇಷ್ಟರ ಮುಖ ನೋಡಿದೆ.

“ಹುಡುಗನಿಗೆ ಓದುವುದಕ್ಕೆ ಬರುವುದಿಲ್ಲ.”

“ಓದಿದನಲ್ಲಾ ಸ್ವಾಮಿ, ಒಂದು ತಪ್ಪೂ ಇಲ್ಲದೆ!”

ತನಿಖೆಯ ಪುಸ್ತಕಕ್ಕೆ ಏರಿದ್ದು ಇನ್‌ಸ್ಪೆಕ್ಟರ ಮಾತು. ಮೇಷ್ಟರು ಬಹಳ ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಅಂದು ಇಬ್ಬರು ಹೇಳಿದ್ದೂ ನಿಜವೆಂಬುದು, ಎಷ್ಟೋ ವರ್ಷಗಳಾದ ಮೇಲೆ ದೊಡ್ಡ ನಿಘಂಟಿನಲ್ಲಿ ‘ರೀಡ್’ ಎಂಬ ಪುಟ್ಟ ಕ್ರಿಯಾಪದದ ಚರಿತ್ರೆಯನ್ನು ನೋಡಿದಾಗ ನನಗೆ ಹೊಳೆಯಿತು.

ಪ್ರಾಚೀನ ಇಂಗ್ಲಿಷಿನಲ್ಲಿ ಈ ಮಾತು ‘ರ್‍ಯಾಡನ್’ ಎಂದಿತ್ತು. ಅದಕ್ಕೆ ಪುಸ್ತಕದ ಸಂಬಂಧವೇ ಮೊದಲಿಗೆ ಇರಲಿಲ್ಲ. ಆಲೋಚನೆ ಹೇಳುವುದು, ಊಹಿಸುವುದು, ಕನಸಿನ ಫಲವನ್ನು ಬಿಡಿಸಿ ಹೇಳುವುದು—ಇವು ಅದರ ಹಳೆಯ ಅರ್ಥಗಳು. ಜರ್ಮನ್ ಭಾಷೆಯಲ್ಲಿರುವ ಇದರ ಸೋದರ ಪದ ‘ರಾಟೆನ್’ ಇಂದಿಗೂ ಸಲಹೆ ಕೊಡು, ಊಹಿಸು ಎಂಬ ಎರಡು ಅರ್ಥಗಳನ್ನೇ ಇಟ್ಟುಕೊಂಡಿದೆ. ಅಲ್ಲಿ ಪುರಸಭೆಯ ಭವನಕ್ಕೆ ‘ರಾಟ್‌ಹೌಸ್’, ಎಂದರೆ ಆಲೋಚನೆಯ ಮನೆ, ಎಂದು ಹೆಸರು. ನಮ್ಮ ‘ಆರಾಧನೆ’ಯಲ್ಲಿರುವ ಸಂಸ್ಕೃತದ ‘ರಾಧ್’ ಧಾತುವೂ ಇದರ ದೂರದ ನಂಟೆಂದು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ.

ಒಗಟಿಗೆ ಇಂಗ್ಲಿಷಿನಲ್ಲಿ ‘ರಿಡ್ಲ್’ ಎನ್ನುತ್ತಾರಷ್ಟೆ. ಅದು ಇದೇ ರೀಡ್‌ನ ಮಗಳು. ಅಕ್ಷರವೆಂಬುದು ಆ ಜನಕ್ಕೆ ಬಿಡಿಸಬೇಕಾದ ಒಗಟಾಗಿ ತೋರಿರಬೇಕು. ಆದ್ದರಿಂದ ಒಗಟಿಗೆ ಬಳಸುತ್ತಿದ್ದ ಮಾತನ್ನೇ ಬರಹಕ್ಕೂ ಬಳಸಿದರು. ನೆರೆಯ ಭಾಷೆಗಳ ದಾರಿಯೇ ಬೇರೆ. ಲ್ಯಾಟಿನ್ನಿನ ‘ಲೆಗೆರೆ’, ಜರ್ಮನ್ನಿನ ‘ಲೇಸೆನ್’—ಎರಡಕ್ಕೂ ಆಯ್ದು ಕೂಡಿಸುವುದೆಂದು ಮೂಲಾರ್ಥ. ಜರ್ಮನರು ದ್ರಾಕ್ಷಿಯ ಕೊಯ್ಲಿಗೂ ಅದೇ ಮಾತನ್ನು ಬಳಸುತ್ತಾರೆ.

ಇಂಗ್ಲೆಂಡಿನ ಎಕ್ಸಿಟರ್ ನಗರದ ದೊಡ್ಡ ಚರ್ಚಿನಲ್ಲಿ 10ನೆಯ ಶತಮಾನದ ಹಸ್ತಪ್ರತಿಯೊಂದಿದೆ. ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ಒಗಟುಗಳಿವೆ. ಒಂದು ಒಗಟಿನಲ್ಲಿ, ಬಲ್ಲವರ ಮಾತುಗಳನ್ನೆಲ್ಲಾ ನುಂಗಿಯೂ ಜಾಣನಾಗದ ಒಬ್ಬ ಕಳ್ಳ ಬರುತ್ತಾನೆ. ಉತ್ತರ: ಪುಸ್ತಕದ ಹುಳು. ಇನ್‌ಸ್ಪೆಕ್ಟರ ಎದುರಿಗೆ ನಿಂತಿದ್ದವನು ಅದೇ ಹುಳು!

ಆಲೋಚನೆಯೆಂಬ ಹಳೆಯ ಅರ್ಥ ಮರೆತುಹೋದದ್ದರಿಂದ ಒಬ್ಬ ದೊರೆಗೆ ಅನ್ಯಾಯವೂ ಆಯಿತು. 978ರಲ್ಲಿ ಪಟ್ಟಕ್ಕೆ ಬಂದ ಏಥೆಲ್‌ರೆಡ್‌ನ ಹೆಸರಿಗೆ ಉದಾತ್ತವಾದ ಆಲೋಚನೆಯುಳ್ಳವನೆಂದು ಅರ್ಥ. ಅವನ ಕಾಲದಲ್ಲಿ, 991ರಲ್ಲಿ, ದಾಳಿಯಿಟ್ಟ ಡೇನರಿಗೆ 10,000 ಪೌಂಡು ಕಪ್ಪ ಕೊಟ್ಟು ಕಳಿಸಬೇಕಾಯಿತು. ಹಣದ ರುಚಿ ಕಂಡವರು ಮತ್ತೆ ಮತ್ತೆ ಬಂದರು. ಮುಂದೆ ಜನ ಅವನ ಹೆಸರಿಗೆ ‘ಅನ್‌ರೆಡ್’—ಆಲೋಚನೆಗೆಟ್ಟವ—ಎಂದು ಜೋಡಿಸಿ ಕುಚೋದ್ಯ ಮಾಡಿದರು. ಶ್ಲೇಷೆಯೇನೋ ಚೆನ್ನಾಗಿತ್ತು. ಆದರೆ ಆ ಮಾತು ಬಳಕೆ ತಪ್ಪಿದ ಮೇಲೆ ಕಿವಿಗೆ ಅದು ‘ಅನ್‌ರೆಡಿ’ ಎಂದು ಕೇಳಿಸಿತು. ಪಾಪ, ಅವನು ಎಂದಿಗೂ ಸಿದ್ಧನಾಗದ ದೊರೆಯಾಗಿ ಉಳಿದುಬಿಟ್ಟ.

ನಮ್ಮ ‘ಓದು’ ಹಾಗಲ್ಲ. ಅದು ಬಾಯಿಯ ಕೆಲಸ. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರವನ್ನು ಹಾಡುವವರಿಗೆ ‘ಓದುವಾರ್’ ಎಂದೇ ಹೆಸರು. ಮದುವೆಮನೆಯಲ್ಲಿ ನಾವು ಮುಯ್ಯಿ ಓದಿಸುತ್ತೇವೆ. ಅಲ್ಲಿ ಪುಸ್ತಕವೆಲ್ಲಿ ಬಂತು? ಇಂಥವರು ಇಷ್ಟು ಕೊಟ್ಟರೆಂದು ಹತ್ತು ಜನ ಕೇಳುವಂತೆ ಕೂಗಿ ಹೇಳಿದರೆ ಓದಿಸಿದಂತಾಯಿತು. ಇಂಗ್ಲಿಷಿನವನು ಎದುರಾಳಿಯ ಮುಖವನ್ನು ರೀಡ್ ಮಾಡುತ್ತಾನೆ, ಉಷ್ಣಮಾಪಕವನ್ನು ರೀಡ್ ಮಾಡುತ್ತಾನೆ. ಹರೆಯದಲ್ಲಿ ನಾನು ಒಂದು ಕಥೆಯನ್ನು ಅನುವಾದ ಮಾಡುತ್ತಾ “ಅವಳ ಮುಖವನ್ನು ಓದಿದನು” ಎಂದು ಬರೆದಿದ್ದೆ. ನಮ್ಮ ತಂದೆಯವರು ನೋಡಿ, “ಮುಖ ಓದುವುದಕ್ಕೆ ಅದೇನು ಪಂಚಾಂಗವೇನೋ?” ಎಂದರು.

ಮೇಷ್ಟರ ಪಾಲಿಗೆ ನಾನು ಓದಿದ್ದೆ. ಇನ್‌ಸ್ಪೆಕ್ಟರ ಪಾಲಿಗೆ ಓದಿರಲಿಲ್ಲ. ಹಾಗಾದರೆ ಅಕ್ಷರ ಬಾರದವರ ಗತಿಯೇನು? 9ನೆಯ ಶತಮಾನದ ಕವಿರಾಜಮಾರ್ಗ, ಪುಸ್ತಕವಿಟ್ಟುಕೊಂಡು ಓದದ ನಾಡವರಲ್ಲಿಯೂ ಕಾವ್ಯಪ್ರಯೋಗದ ಜಾಣ್ಮೆಯನ್ನು ಕಂಡಿತ್ತು. ನಮ್ಮ ಅಜ್ಜಿಗೆ ಹೆಬ್ಬೆಟ್ಟೇ ರುಜು. ಮಳೆಗಾಲದ ರಾತ್ರಿ ಶಾನುಭೋಗರು ಜಗುಲಿಯ ಮೇಲೆ ಕುಳಿತು ಕುಮಾರವ್ಯಾಸನನ್ನು ರಾಗವಾಗಿ ಓದುತ್ತಿದ್ದರು. ಗಂಟಲು ಚೆನ್ನಾಗಿತ್ತು, ಕಠಿಣವಾದ ಪದ ಬಂದರೆ ಮಾತ್ರ ಹಾಗೆಯೇ ಸಾಗಿಬಿಡುವರು. ಒಳಗಿನಿಂದ ಅಜ್ಜಿ, “ನಿಲ್ಲಿ ಶಾನುಭೋಗರೇ, ಅದು ಹಾಗಲ್ಲ” ಎಂದು ತಡೆದು ಆ ಪದ್ಯದ ಅಭಿಪ್ರಾಯವನ್ನು ಬಿಡಿಸಿ ಹೇಳುವಳು. ಆ ಜಗುಲಿಯಲ್ಲಿ ಓದುತ್ತಿದ್ದವರು ಶಾನುಭೋಗರು. ರೀಡ್ ಮಾಡುತ್ತಿದ್ದವಳು ಅಜ್ಜಿ.