ಹೆಸರು ತುಂಡಾಗದಿರಲಿ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನಾದ ನಾನು ಸಾಹಿತ್ಯದ ಮಾತಾಡಲು ಅರ್ಹನಲ್ಲ. ಖಾತೆಯಲ್ಲಿ ಹೆಸರಿಗಿರುವ ಬೆಲೆಯನ್ನು ಮಾತ್ರ ಬಲ್ಲೆ. ಆ ಹೆಸರನ್ನು ಇಂದು ಯಂತ್ರ ಓದುತ್ತದೆ. ಹೇಗೆ ಓದುತ್ತದೆ ಎಂಬುದನ್ನು ನಾಲ್ಕು ಮಾತಿನಲ್ಲಿ ಅರಿಕೆ ಮಾಡುತ್ತೇನೆ.

ನಮ್ಮ ಐ.ಎಫ್.ಎಸ್.ಸಿ. ಸಂಕೇತವನ್ನೇ ನೋಡಿ. ಮೊದಲು 4 ಇಂಗ್ಲಿಷ್ ಅಕ್ಷರ, ಐದನೆಯದು ಸೊನ್ನೆ, ಕೊನೆಗೆ ಅಕ್ಷರವೋ ಅಂಕಿಯೋ ಆದ 6, ಒಟ್ಟು 11. ಇಂಥ ಕಟ್ಟಳೆಯನ್ನು ಒಂದೇ ಸಾಲಿನಲ್ಲಿ ಹೇಳುವ ಸೂತ್ರಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಹೆಸರು. ಗಣಿತಜ್ಞ ಸ್ಟೀಫನ್ ಕ್ಲೀನಿ ಇದನ್ನು 1950ರ ದಶಕದಲ್ಲಿ ರೂಪಿಸಿದರು. ಇದರಿಂದ ಬರಹವನ್ನು ಹುಡುಕುವ ಕ್ರಮವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು.

ಆದರೆ ಆವರಣದೊಳಗೆ ಆವರಣ, ಅದರೊಳಗೆ ಮತ್ತೊಂದು, ಹೀಗೆ ಎಷ್ಟು ಆಳಕ್ಕಾದರೂ ಹೋದರೆ ಸೂತ್ರ ಲೆಕ್ಕವಿಡಲಾರದು. ಅಲ್ಲಿ ವ್ಯಾಕರಣದ ಮೇಷ್ಟರಂತೆ ವಾಕ್ಯವನ್ನು ಬಿಡಿಸುವ ಪಾರ್ಸರ್ ಬೇಕು. ರಸ್ಟ್ ಎಂಬ ಕಂಪೈಲ್ ಆಗುವ ಭಾಷೆಯಲ್ಲಿ ‘ನಾಮ್’ ಎಂಬ ಪಾರ್ಸರ್ ಭಂಡಾರವೂ ‘ರೆಗೆಕ್ಸ್’ ಎಂಬ ಸೂತ್ರ ಭಂಡಾರವೂ ಇವೆ. ಬಿಡಿ ಪದಗಳನ್ನು ಸೂತ್ರಕ್ಕೂ ಅವುಗಳ ಜೋಡಣೆಯನ್ನು ಪಾರ್ಸರಿಗೂ ಒಪ್ಪಿಸಬಹುದು. ಆದರೆ ಸೂತ್ರದ ತಲೆಗೆ ‘ಇಲ್ಲಿಂದಲೇ ಆರಂಭ’ ಎಂಬ ಗುರುತು ಇರತಕ್ಕದ್ದು. ಇಲ್ಲವಾದರೆ ಅದು ನಡುವಿನದನ್ನು ಹಾರಿ, ಮುಂದೆಲ್ಲೋ ಹೊಂದುವುದನ್ನು ಹಿಡಿದು ತಂದೀತು.

ಈಗ ನಮ್ಮ ಹೆಸರಿಗೆ ಬರೋಣ. ‘ಲಕ್ಷ್ಮಿ’ ಎಂಬುದು ನಮ್ಮ ಕಣ್ಣಿಗೆ 2 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತ. ‘ಅ ಇಂದ ಹ ವರೆಗೆ’ ಎಂದು ಸೂತ್ರ ಬರೆದರೆ ವರ್ಣಮಾಲೆಯೆಲ್ಲ ಬಂತೆಂದು ತೋರುತ್ತದೆ. ಆದರೆ ಅನುಸ್ವಾರ, ಗುಡಿಸು, ಕೊಂಬು, ಒತ್ತಕ್ಷರ ಕೂಡಿಸುವ ವಿರಾಮ, ಇವೆಲ್ಲ ಆ ಗೆರೆಯ ಹೊರಗೆ! ಲಕ್ಷ್ಮಿಯಮ್ಮನವರು ‘ಲಕ’ ಎಂಬಲ್ಲಿಗೆ ನಿಲ್ಲುತ್ತಾರೆ. ಉಳಿದ ಭಾಗವನ್ನು ಪಾರ್ಸರ್ ತಪ್ಪೆಂದು ತಳ್ಳುತ್ತದೆ. ‘ಕನ್ನಡ ಲಿಪಿ’ ಎಂಬ ಸಿದ್ಧ ವರ್ಗವನ್ನು ಬಳಸಿದರೆ ಇದು ತಪ್ಪುತ್ತದೆ. ಆದರೂ ‘ರಾಜ್‌ಕುಮಾರ್’ ಎಂಬಲ್ಲಿ ಒತ್ತು ಕೂಡದಂತೆ ತಡೆಯುವ ಕಾಣದ ಸಂಕೇತವೊಂದಿದೆ. ಅದು ಆ ವರ್ಗಕ್ಕೆ ಸೇರಿಲ್ಲ, ಬೇರೆಯಾಗಿ ಸೇರಿಸಬೇಕು.

ಇಂಥ ತಂತ್ರಾಂಶ ಬರೆಯುವ ಉದ್ಯೋಗದಲ್ಲಿ ನಮ್ಮ ಮನೆಮಕ್ಕಳೇ ಅನೇಕರಿದ್ದಾರೆ. ಅವರಲ್ಲಿ ನನ್ನದೊಂದೇ ಬೇಡಿಕೆ: ಸೂತ್ರವನ್ನು ಪರೀಕ್ಷಿಸುವಾಗ ಇಂಗ್ಲಿಷ್ ಹೆಸರಿನ ಪಕ್ಕದಲ್ಲಿ ನಿಮ್ಮ ಅಜ್ಜಿಯ ಹೆಸರನ್ನೂ ಕನ್ನಡದಲ್ಲಿ ಬರೆದು ನೋಡಿ. ಅದು ಇಡಿಯಾಗಿ ದಾಟಿದರೆ, ಪರಸ್ಥಳದಲ್ಲಿದ್ದೂ ನೀವು ಕನ್ನಡದ ಕೆಲಸ ಮಾಡಿದಂತೆಯೇ ಸರಿ.