ಉಳಿದ ತುಂಡುಗಳನ್ನು ಕೂಡಿಸುವವರು



ಐದು ರೊಟ್ಟಿಗಳ ಅದ್ಭುತದ ಬಳಿಕ ಉಳಿದ ತುಂಡುಗಳನ್ನೂ ಕೂಡಿಸುವಂತೆ ಪ್ರಭು ಆಜ್ಞಾಪಿಸಿದರು. ಹನ್ನೆರಡು ಬುಟ್ಟಿಗಳು ತುಂಬಿದವು. ಇಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬೀದಿಗಳಲ್ಲಿ ಆ ಕಾರ್ಯವನ್ನು ನಡೆಸುತ್ತಿರುವವರು ಚಿಂದಿ ಆಯುವ ಬಡವರು. ಅವರು ಆಯ್ದ ಕಾಗದ, ಪ್ಲಾಸ್ಟಿಕ್ಕುಗಳ ಬೆಲೆ ಗುಜರಿ ಅಂಗಡಿಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಕಾರ್ಖಾನೆಗೆ ಸಾಗಿದಂತೆಲ್ಲ ಏರುತ್ತದೆ. ಮೊದಲು ಬಾಗಿ ಎತ್ತಿದ ಕೈಗೆ ದಕ್ಕುವುದು ಅತ್ಯಲ್ಪ. ಗುಜರಿಯವನಿಂದ ಮುಂಗಡ ಪಡೆದವರಂತೂ ಅವನು ಹೇಳಿದ ಬೆಲೆಗೇ ಮಾರಬೇಕು. ವ್ಯಾಪಾರ ಬೆಳೆದರೂ ಕೊಳೆಗೇರಿಯ ಬಡತನ ಕದಲದಿರುವುದು ಹೀಗೆ.

ಬೆಂಗಳೂರು ಮಹಾನಗರ ಪಾಲಿಕೆಯು 2011ರಲ್ಲಿ ಇವರಿಗೆ ಗುರುತಿನ ಚೀಟಿ ನೀಡಿತು. ನಾವೋ, ಹಬ್ಬದ ಮರುದಿನ ಬಂದವರನ್ನು ದೇವಾಲಯದ ಗೇಟಿನ ಹೊರಗೇ ನಿಲ್ಲಿಸಿದೆವು. ಈ ಶತಮಾನೋತ್ಸವದಲ್ಲಿ ಆ ತಪ್ಪನ್ನು ತಿದ್ದಿಕೊಳ್ಳೋಣ. ಹಸಿ ಕಸ, ಒಣ ಕಸಗಳನ್ನು ಬೇರ್ಪಡಿಸಿ, ಒಣ ಕಸವನ್ನು ಅವರ ಕೈಗೇ ಒಪ್ಪಿಸೋಣ. ಹೆಸರು ಹಿಡಿದು ಕರೆದು, ಔತಣದ ಪಂಕ್ತಿಯಲ್ಲಿ ಕೂರಿಸೋಣ.